ಅಪೋಫಿಸ್: ಒಂದು ಕಿರುಗ್ರಹದ ಗ್ರಹಚಾರ

ನಮ್ಮ ನುಡಿಯಲ್ಲಿ 'ಗ್ರಹಚಾರ' ಎಂಬ ಶಬ್ದಕ್ಕೆ ಒದಗಿರುವ ಗತಿ ವಿಚಿತ್ರವಾದದ್ದು. ಚಾರವೆಂದರೆ ನಡಿಗೆ, ಸಂಚಾರ. ಗ್ರಹಚಾರವೆಂದರೆ ಗ್ರಹಗಳ ನಡೆ ಎಂದಷ್ಟೇ ಅದರ ಮೂಲಾರ್ಥ. ಜ್ಯೋತಿಷಿಗಳ ಲೆಕ್ಕದ ಹಲಗೆಯಿಂದ ಇಳಿದು ಜನರ ಬಾಯಿಗೆ ಬರುವ ಹೊತ್ತಿಗೆ ಅದು ಕೇಡಿನ ಇನ್ನೊಂದು ಹೆಸರಾಯಿತು. ಬಸ್ಸು ತಪ್ಪಿದರೆ ಗ್ರಹಚಾರ, ಬೆಳೆ ಕೈಕೊಟ್ಟರೆ ಗ್ರಹಚಾರ, ಅಳಿಯ ಕುಡುಕನಾದರೆ ಅದೂ ಗ್ರಹಚಾರ. ಶ್ರೋತೃಗಳೇ, ಇಂದಿನ ನನ್ನ ಮಾತಿನಲ್ಲಿ ಆ ಶಬ್ದವನ್ನು ಅದರ ಮೊದಲಿನ ಅರ್ಥದಲ್ಲಿಯೇ ಬಳಸುತ್ತೇನೆ. ಒಂದು ಪುಟ್ಟ ಆಕಾಶಕಾಯ ಎಲ್ಲಿಂದ ಎಲ್ಲಿಗೆ ನಡೆಯುತ್ತಿದೆ, ಆ ನಡೆಯನ್ನು ಮನುಷ್ಯರು ಹೇಗೆ ಕಂಡುಕೊಂಡರು, 2029ರ ಏಪ್ರಿಲ್ ತಿಂಗಳಲ್ಲಿ ಅದು ನಮ್ಮ ಮಗ್ಗುಲಲ್ಲಿ ಹಾದುಹೋಗುವಾಗ ನಡೆಯಲಿರುವುದೇನು, ಇವನ್ನು ಹೇಳಬೇಕೆಂದು ನನ್ನ ಆಸೆ. ನಾನು ವಿಜ್ಞಾನದವನಲ್ಲ, ಕನ್ನಡದ ಮೇಷ್ಟರು. ಆದರೆ ರಾ.ಲ. ನರಸಿಂಹಯ್ಯನವರೂ ಜಿ.ಟಿ. ನಾರಾಯಣ ರಾಯರೂ ಆಕಾಶವನ್ನು ಕನ್ನಡದಲ್ಲಿ ಓದಲು ಕಲಿಸಿಕೊಟ್ಟ ನಾಡಿನಲ್ಲಿ ಕನ್ನಡದ ಮೇಷ್ಟರು ನಕ್ಷತ್ರದ ಮಾತಾಡಿದರೆ ಅದು ಅತಿಕ್ರಮಣವೇನೂ ಅಲ್ಲ.

ಈ ಕಾಯಗಳಿಗೆ ನಮ್ಮ ಪಠ್ಯಪುಸ್ತಕಗಳಲ್ಲಿ 'ಕ್ಷುದ್ರಗ್ರಹ'ಗಳೆಂದು ಹೆಸರು. ನನಗೆ ಈ ಹೆಸರು ಒಗ್ಗುವುದಿಲ್ಲ. ಸಂಸ್ಕೃತದಲ್ಲಿ ಕ್ಷುದ್ರವೆಂದರೆ ಚಿಕ್ಕದು ಎಂಬ ಅರ್ಥವಿರುವುದು ನಿಜವೇ. ಆದರೆ ಕನ್ನಡದ ಕಿವಿಗೆ ಅದು ನೀಚವೆಂದೂ ಮಾಟಮಂತ್ರದ ದೇವತೆಯೆಂದೂ ಕೇಳಿಸುತ್ತದೆ. ಕ್ಷುದ್ರ, ಗ್ರಹ ಎರಡೂ ಕೂಡಿದ ಮೇಲೆ ಭಯಪಡಬೇಡಿ ಎಂದು ಯಾರಿಗೆ ಹೇಳುವುದು? 'ಕಿರುಗ್ರಹ' ಎಂದರೆ ಸಾಕು, ಅರ್ಥವೂ ಕೆಡದು, ನಾಲಗೆಗೂ ಹಿತ. ಇಂಗ್ಲಿಷಿನಲ್ಲಿ 1802ರಲ್ಲಿ ವಿಲಿಯಂ ಹರ್ಷೆಲ್ ಬಳಕೆಗೆ ತಂದ 'ಆಸ್ಟರಾಯ್ಡ್' ಎಂಬ ಮಾತಿಗೆ ನಕ್ಷತ್ರದಂತೆ ತೋರುವುದು ಎಂದು ಅರ್ಥ. ದುರ್ಬೀನಿನಲ್ಲಿ ಕೂಡ ಬರಿಯ ಚುಕ್ಕೆಯಾಗಿಯೇ ಕಾಣುತ್ತಿದ್ದುದರಿಂದ ಆ ಹೆಸರು.

ಈ ಕಿರುಗ್ರಹಗಳಲ್ಲಿ ಮೊದಲನೆಯದಾದ ಸಿರಿಸ್ ಕಂಡದ್ದು 1801ರ ಜನವರಿ 1ರಂದು, ಸಿಸಿಲಿಯ ಪಲೆರ್ಮೋದಲ್ಲಿ, ಪಿಯಾಟ್ಸಿ ಎಂಬವನಿಗೆ. ಏಷ್ಯದ ನೆಲದಿಂದ ಮೊದಲ ಕಿರುಗ್ರಹ ಕಂಡದ್ದು ನಮ್ಮ ನೆರೆಯ ಮದರಾಸಿನಲ್ಲಿ. 1861ರ ಏಪ್ರಿಲ್ 17ರಂದು ಅಲ್ಲಿನ ವೀಕ್ಷಣಾಲಯದ ಪಾಗ್ಸನ್ ಅದನ್ನು ಕಂಡು 'ಏಷಿಯಾ' ಎಂದೇ ಹೆಸರಿಟ್ಟ. ಆ ಮದರಾಸು ವೀಕ್ಷಣಾಲಯದ ವಂಶದ ಕುಡಿಯೇ ಇಂದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ಇದೇ ಸಂಸ್ಥೆಯ ಕಾವಲೂರಿನ ವೀಕ್ಷಣಾಲಯದಲ್ಲಿ 1988ರ ಫೆಬ್ರವರಿಯಲ್ಲಿ ಕಂಡ ಕಿರುಗ್ರಹವೊಂದಕ್ಕೆ ಗಣಿತಜ್ಞ ರಾಮಾನುಜನ್ನರ ಹೆಸರಿದೆ. ಇವೆಲ್ಲ ಹೆಚ್ಚಿನಂಶ ಮಂಗಳ ಮತ್ತು ಗುರುಗಳ ನಡುವಣ ಬಯಲಿನಲ್ಲಿ ಸುತ್ತುವ ಸಾಧುಗಳು. ಇವುಗಳಲ್ಲದೆ ಸೂರ್ಯನ ಕಡೆಗೆ ಒಳಸರಿದು ಭೂಮಿಯ ಹಾದಿಯನ್ನು ಮುಟ್ಟುವ, ದಾಟುವ ಇನ್ನೊಂದು ಗುಂಪಿದೆ. ನಮ್ಮ ಕಥಾನಾಯಕ ಆ ಗುಂಪಿನವನು.

ಅವನ ಹೆಸರು ಅಪೋಫಿಸ್. ಸರಕಾರಿ ಕಡತದ ಸಂಖ್ಯೆಯಂತೆ ಅವನಿಗೊಂದು ಸಂಖ್ಯೆಯೂ ಇದೆ, 99942. ಪುರಾತನ ಈಜಿಪ್ಟಿನವರ ಕಲ್ಪನೆಯಲ್ಲಿ ಅಪೆಪ್ ಎಂಬುದು ಕತ್ತಲೆಯ ಸರ್ಪ. ಪ್ರತಿರಾತ್ರಿಯೂ ಸೂರ್ಯದೇವನ ದೋಣಿಯನ್ನು ನುಂಗಲು ಎರಗುವಂಥದು. ಅದರ ಗ್ರೀಕ್ ರೂಪವೇ ಅಪೋಫಿಸ್. ನಮ್ಮ ರಾಹುವಿಗೆ ಇದು ದಾಯಾದಿಯಾದೀತು. ನೈಲ್ ನದಿಯ ದಡದಲ್ಲೂ ಕಾವೇರಿಯ ದಡದಲ್ಲೂ ಸೂರ್ಯನನ್ನು ನುಂಗಲು ಹಾವೇ ಬೇಕಾಯಿತೆಂಬುದು ಯೋಚಿಸಬೇಕಾದ ಮಾತು. ಗ್ರಹಣವೆಂಬುದು ರಾಹುವಿನ ಕೆಲಸವಲ್ಲ, ನೆರಳಿನ ಕೆಲಸ ಎಂದು ಆರ್ಯಭಟ ಹೇಳಿ ಒಂದೂವರೆ ಸಾವಿರ ವರ್ಷವಾಯಿತು. ಆದರೂ ರಾಹು ನಮ್ಮ ಪಂಚಾಂಗದಲ್ಲಿ ಸುಖವಾಗಿದ್ದಾನೆ. ರಾಹುಕಾಲ ನೋಡದೆ ಲೇತ್ ಯಂತ್ರಕ್ಕೆ ಪೂಜೆ ಮಾಡುವ ಮಾಲೀಕನನ್ನು ನಾನು ಪೀಣ್ಯದಲ್ಲಿ ಇನ್ನೂ ಕಂಡಿಲ್ಲ.

ಪೀಣ್ಯದ ಮಾತೇಕೆ ಬಂತೆಂದರೆ, ನಿವೃತ್ತಿಯ ನಂತರ ನಾನಿರುವುದು ಅದರ ಅಂಚಿನಲ್ಲಿ. ನನ್ನ ಬೆಳಗಿನ ನಡಿಗೆ ಕೈಗಾರಿಕಾ ಪ್ರದೇಶದ ಬೀದಿಗಳಲ್ಲಿಯೇ ಸಾಗುತ್ತದೆ. ಎರಕದ ಮನೆಗಳ ಕಾವು, ಕತ್ತರಿಸಿದ ಉಕ್ಕಿನ ವಾಸನೆ, ರಾತ್ರಿಪಾಳಿ ಮುಗಿಸಿ ಚಹದಂಗಡಿಯ ಮುಂದೆ ನಿಂತ ಹುಡುಗರು. ಇಂಥ ಕಡೆ ಆಕಾಶದ ವಿಚಾರವೇ ಎಂದು ಹೊಸಬರಿಗೆ ಅನ್ನಿಸಬಹುದು. ಆದರೆ ಭಾರತದ ಮೊದಲ ಉಪಗ್ರಹ ರೂಪುಗೊಂಡದ್ದು ಇಲ್ಲಿಯ ಕಲ್ನಾರು ಚಾವಣಿಯ ಶೆಡ್ಡುಗಳಲ್ಲಿ. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾಯರು 1972ರಲ್ಲಿ ಆ ಕೆಲಸ ಕೈಗೆತ್ತಿಕೊಂಡರು. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಆ ಉಪಗ್ರಹ ಮೇಲೇರಿತು. ಅದಕ್ಕಿಟ್ಟ ಹೆಸರು ಆರ್ಯಭಟ. ರಾಹುವನ್ನು ಆಕಾಶದಿಂದ ಇಳಿಸಿದವನ ಹೆಸರು ಹೊತ್ತ ಯಂತ್ರ ಪೀಣ್ಯದಿಂದ ಆಕಾಶಕ್ಕೆ ಏರಿದುದನ್ನು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿಬರುತ್ತದೆ. ಇಂದು ಅದೇ ಪೀಣ್ಯದಲ್ಲಿ ಇಸ್ರೋದ ಇಸ್ಟ್ರ್ಯಾಕ್ ಎಂಬ ಕೇಂದ್ರವಿದೆ. ಮಂಗಳನೌಕೆಯನ್ನು 2014ರಲ್ಲಿ ಕಕ್ಷೆಗೆ ಸೇರಿಸಿದವರೂ, 2023ರ ಆಗಸ್ಟ್ 23ರಂದು ಚಂದ್ರಯಾನವನ್ನು ಚಂದ್ರನ ಮೇಲೆ ಇಳಿಸಿದವರೂ ಕುಳಿತದ್ದು ಅಲ್ಲಿ. 2020ರ ಡಿಸೆಂಬರಿನಲ್ಲಿ ಅಲ್ಲಿ ಇನ್ನೊಂದು ನಿಯಂತ್ರಣ ಕೇಂದ್ರ ತೆರೆಯಿತು. ಅದರ ಹೆಸರು 'ನೇತ್ರ'. ಇಂಗ್ಲಿಷ್ ಪದಗಳ ಮೊದಲಕ್ಷರ ಕೂಡಿಸಿ ಮಾಡಿದ ಹೆಸರಾದರೂ ಅರ್ಥ ಸರಿಯಾಗಿ ಕೂತಿದೆ. ನಮ್ಮ ಉಪಗ್ರಹಗಳಿಗೆ ಬಡಿಯಬಹುದಾದ ಬಾಹ್ಯಾಕಾಶದ ಕಸಕಡ್ಡಿಗಳ ಮೇಲೆ ಕಣ್ಣಿಡುವುದು ಅದರ ಮೊದಲ ಕೆಲಸ. ಕಿರುಗ್ರಹಗಳತ್ತಲೂ ಈಗ ಇಸ್ರೋ ನೋಟ ಹರಿಸಿದೆ. 2024ರ ಜುಲೈನಲ್ಲಿ ಬೆಂಗಳೂರಿನಲ್ಲಿ ಭೂರಕ್ಷಣೆಯ ವಿಚಾರವಾಗಿ ಒಂದು ಕಾರ್ಯಾಗಾರವನ್ನೇ ಅದು ನಡೆಸಿತು.

ಇನ್ನು ಅಪೋಫಿಸ್ ಕಂಡ ಬಗೆ. ಇದು ನನ್ನ ಮನಸ್ಸಿಗೆ ಬಹಳ ಹಿಡಿಸಿದ ಭಾಗ. ಸ್ವಲ್ಪ ವಿಸ್ತಾರವಾಗಿ ಹೇಳಿದರೆ ಸಹಿಸಬೇಕು. 2004ರ ಜೂನ್ 19ರಂದು ಅಮೆರಿಕದ ಅರಿಜೋನದ ಕಿಟ್ ಶಿಖರದ ವೀಕ್ಷಣಾಲಯದಲ್ಲಿ ಟಕ್ಕರ್, ಥೋಲೆನ್, ಬರ್ನಾರ್ಡಿ ಎಂಬ ಮೂವರು ಅದನ್ನು ಕಂಡರು. ಎರಡು ರಾತ್ರಿ ಕಂಡದ್ದು ಆಮೇಲೆ ಕೈತಪ್ಪಿತು. ಎರಡು ರಾತ್ರಿಯ ನೋಟದಿಂದ ಕಕ್ಷೆಯನ್ನು ಹೇಳುವುದೆಂದರೆ ತಾಳೆಗರಿಯ ಎರಡು ಮುರುಕು ಗರಿಗಳಿಂದ ಇಡೀ ಕಾವ್ಯವನ್ನು ಊಹಿಸಿದಂತೆ. ಡಿಸೆಂಬರಿನಲ್ಲಿ ಆಸ್ಟ್ರೇಲಿಯದಿಂದ ಅದು ಮತ್ತೆ ಕಂಡಿತು. ಹೊಸ ನೋಟಗಳನ್ನು ಸೇರಿಸಿ ಲೆಕ್ಕ ಹಾಕಿದಾಗ 2029ರ ಏಪ್ರಿಲ್ 13ರಂದು ಅದು ಭೂಮಿಗೆ ಅಪ್ಪಳಿಸುವ ಸಂಭವವೊಂದು ತಲೆಯೆತ್ತಿತು. ದಿನದಿನಕ್ಕೂ ಆ ಸಂಭವ ಏರಿತು. ಡಿಸೆಂಬರ್ 27ರ ಹೊತ್ತಿಗೆ ಅದು ನೂರಕ್ಕೆ 2.7ರಷ್ಟಾಯಿತು, ಎಂದರೆ ಮೂವತ್ತೇಳರಲ್ಲಿ ಒಂದು. ಇಂಥ ಅಪಾಯಗಳನ್ನು ಅಳೆಯುವ ಟೊರಿನೋ ಮಾನವೆಂಬ ಹತ್ತು ಮೆಟ್ಟಿಲ ಅಳತೆಗೋಲಿದೆ. ಅದರಲ್ಲಿ ನಾಲ್ಕನೆಯ ಮೆಟ್ಟಿಲಿಗೆ ಏರಿದ ಕಾಯ ಅದುವರೆಗೂ ಇರಲಿಲ್ಲ, ಅದರ ನಂತರವೂ ಇಲ್ಲ.

ನೋಟ ಹೆಚ್ಚಿದಂತೆ ಅಪಾಯವೂ ಹೆಚ್ಚಿದ್ದೇಕೆ ಎಂದು ಕೇಳಬಹುದು. ತುಮಕೂರು ರಸ್ತೆಯ ಬಸ್ಸಿನಲ್ಲಿ ಹೋಗುತ್ತಿದ್ದವರೊಬ್ಬರ ಉಂಗುರ ಕಿಟಕಿಯಿಂದ ಜಾರಿ ಬಿತ್ತೆನ್ನಿ. ಯಶವಂತಪುರಕ್ಕೂ ನೆಲಮಂಗಲಕ್ಕೂ ನಡುವೆ ಎಲ್ಲೋ ಬಿದ್ದಿದೆ ಎಂದಷ್ಟೇ ಗೊತ್ತು. ಜಾಲಹಳ್ಳಿ ಕ್ರಾಸಿನ ನಿಮ್ಮ ಅಂಗಡಿಯ ಮುಂದೆಯೇ ಬಿದ್ದಿರುವ ಸಂಭವ ತೀರ ಕಡಮೆ. ಗೊರಗುಂಟೆಪಾಳ್ಯ ದಾಟಿದ ಮೇಲೂ ಬೆರಳಿನಲ್ಲಿತ್ತು, ಎಂಟನೆಯ ಮೈಲಿಗೆ ಬರುವಾಗ ಇರಲಿಲ್ಲ ಎಂದು ಆಕೆಗೆ ನೆನಪಾಯಿತು. ಹುಡುಕುವ ಜಾಗ ಕಿರಿದಾಯಿತು. ನಿಮ್ಮ ಅಂಗಡಿ ಅದರೊಳಗೇ ಉಳಿಯಿತು. ಆದ್ದರಿಂದ ನಿಮ್ಮ ಸಂಭವ ಏರಿತು. ಆಮೇಲೆ ದಾಸರಹಳ್ಳಿಯಲ್ಲಿ ಟಿಕೆಟ್ಟಿಗೆ ಕೈಚಾಚಿದಾಗ ಬೆರಳಿನಲ್ಲಿ ಉಂಗುರವಿತ್ತು ಎಂದು ಕಂಡಕ್ಟರು ಹೇಳಿದ. ಆ ಕ್ಷಣವೇ ನಿಮ್ಮ ಸಂಭವ ಸೊನ್ನೆ. ಸಂಭವವು ಏರುತ್ತಾ ಹೋಗಿ ಒಮ್ಮೆಗೇ ಬಿದ್ದುಬಿಡುವುದು ಗಣಿತದ ಚಂಚಲತೆಯಲ್ಲ. ಅಜ್ಞಾನ ಕರಗುವ ರೀತಿಯೇ ಅದು. 

ಅಪೋಫಿಸ್ ವಿಷಯದಲ್ಲಿ ಆ ಕಂಡಕ್ಟರನ ಕೆಲಸ ಮಾಡಿದ್ದು ಹಳೆಯ ಚಿತ್ರಗಳು. ಅದೇ ವರ್ಷದ ಮಾರ್ಚಿಯಲ್ಲಿ, ಎಂದರೆ ಯಾರಿಗೂ ಅದರ ಅರಿವಿಲ್ಲದಾಗಲೇ, ಬೇರೊಂದು ದುರ್ಬೀನಿನಲ್ಲಿ ತೆಗೆದ ಚಿತ್ರಗಳಲ್ಲಿ ಅದು ಮಸುಕಾಗಿ ಮೂಡಿತ್ತು. ಹುಡುಕಿ ತೆಗೆದು ಲೆಕ್ಕಕ್ಕೆ ಸೇರಿಸಿದೊಡನೆ 2029ರ ಡಿಕ್ಕಿ ಇಲ್ಲವೆಂದಾಯಿತು. ಗ್ರಂಥಸಂಪಾದನೆ ಮಾಡಿದವರಿಗೆ ಈ ಸುಖ ಗೊತ್ತು. ಪಾಠಾಂತರಗಳ ನಡುವೆ ತೊಳಲುತ್ತಿರುವಾಗ ಯಾವುದೋ ಮಠದ ಅಟ್ಟದ ಮೇಲಿನ ಹಳೆಯ ಪ್ರತಿಯೊಂದು ದೊರೆತು ಒಂದೇ ಅಕ್ಷರದಿಂದ ಎಲ್ಲವನ್ನೂ ತೀರ್ಮಾನಿಸಿಬಿಡುತ್ತದೆ. ನೋಡಿದವರು ಗುರುತಿಸದಿದ್ದರೂ ಜೋಪಾನವಾಗಿ ಇಟ್ಟಿದ್ದರಲ್ಲ, ಅದು ದೊಡ್ಡದು.

ಆ ದಿನಾಂಕಗಳನ್ನು ಇನ್ನೊಮ್ಮೆ ನೋಡಿ. ಅಪೋಫಿಸ್ ಭೂಮಿಗೆ ಬಡಿಯಬಹುದೆಂಬ ಸಂಭವ ತುತ್ತತುದಿಗೇರಿದ್ದು 2004ರ ಡಿಸೆಂಬರ್ 27ರಂದು. ಅದರ ಹಿಂದಿನ ದಿನ ಬೆಳಿಗ್ಗೆ ಸುಮಾತ್ರದ ಬಳಿ ಸಮುದ್ರದ ತಳ ನಡುಗಿ ಸುನಾಮಿ ಎದ್ದಿತ್ತು. ನಮ್ಮ ಪೂರ್ವ ಕರಾವಳಿಯೂ ಸೇರಿ ಹಲವು ದೇಶಗಳಲ್ಲಿ ಎರಡು ಲಕ್ಷಕ್ಕೂ ಮೇಲ್ಪಟ್ಟು ಜನ ಸತ್ತರು. ಪತ್ರಿಕೆಗಳಲ್ಲಿ ಕಿರುಗ್ರಹಕ್ಕೆ ಎಡೆಯೆಲ್ಲಿತ್ತು? ಇಪ್ಪತ್ತೈದು ವರ್ಷ ಮುಂದಿನ ಒಂದು ರಾತ್ರಿಯನ್ನು ಗಂಟೆ ನಿಮಿಷಗಳಲ್ಲಿ ಹೇಳಬಲ್ಲ ಮನುಷ್ಯನಿಗೆ, ಎರಡು ಗಂಟೆ ದೂರದಲ್ಲಿದ್ದ ಅಲೆಯನ್ನು ನಾಗಪಟ್ಟಿಣದ ಬೆಸ್ತರಿಗೆ ಹೇಳಲು ಆಗಲಿಲ್ಲ. ಹಿಂದೂ ಮಹಾಸಾಗರಕ್ಕೆ ಆಗ ಎಚ್ಚರಿಕೆಯ ಏರ್ಪಾಡೇ ಇರಲಿಲ್ಲ. ನಮ್ಮ ದೇಶದ ಸುನಾಮಿ ಎಚ್ಚರಿಕೆ ಕೇಂದ್ರ ಹೈದರಾಬಾದಿನಲ್ಲಿ ಆರಂಭವಾದದ್ದು 2007ರಲ್ಲಿ. ಆಕಾಶ ನೋಡುವ ಕೆಲಸಕ್ಕೆ ಹಣವೇಕೆ ಎಂದು ಕೇಳುವವರು ಈ ಎರಡು ದಿನಗಳನ್ನು ಒಟ್ಟಿಗೆ ಇಟ್ಟು ನೋಡಬೇಕೆಂದು ನನಗನ್ನಿಸುತ್ತದೆ.

ಇಷ್ಟಾಗಿಯೂ ಸಂಶಯ ಪೂರ್ತಿ ತೀರಲಿಲ್ಲ. 2029ರಲ್ಲಿ ಹಾದುಹೋಗುವಾಗ ಅಪೋಫಿಸ್ ಸುಮಾರು 600 ಮೀಟರ್ ಅಗಲದ ಒಂದು ನಿರ್ದಿಷ್ಟ ಕಿಂಡಿಯ ಮೂಲಕ ಹಾಯ್ದರೆ, ಭೂಮಿಯ ಸೆಳೆತಕ್ಕೆ ಸರಿಯಾಗಿ ತಿರುಗಿ ಏಳು ವರ್ಷದ ನಂತರ, 2036ರ ಏಪ್ರಿಲ್‌ನಲ್ಲಿ, ಬಂದು ಬಡಿಯಬಹುದೆಂಬ ಲೆಕ್ಕವಿತ್ತು. ವಿಜ್ಞಾನಿಗಳು ಅದನ್ನು ಬೀಗದ ಕಿಂಡಿ ಎಂದರು. ಆ ಭಯ 2013ರಲ್ಲಿ ಕಳೆಯಿತು. ಉಳಿದದ್ದು 2068ರದು. ಅದರ ಕಾರಣ ಬಹಳ ಸೂಕ್ಷ್ಮವಾದುದು. ಬಿಸಿಲಿಗೆ ಕಾದ ಕಲ್ಲು ತಿರುಗುತ್ತಾ ತನ್ನ ಕಾವನ್ನು ಬಿಡುವಾಗ ಅತ್ಯಲ್ಪವಾದ ತಳ್ಳುವಿಕೆಯೊಂದು ಅದಕ್ಕೆ ಒದಗುತ್ತದೆ. ಇದಕ್ಕೆ ಯಾರ್ಕೋವ್‌ಸ್ಕಿ ಪರಿಣಾಮವೆಂದು ಹೆಸರು. ಅದರಿಂದ ಅಪೋಫಿಸ್ ವರ್ಷಕ್ಕೆ ಸುಮಾರು 170 ಮೀಟರಿನಷ್ಟು ತನ್ನ ದಾರಿಯಿಂದ ಸರಿಯುತ್ತಿದೆ ಎಂದು 2020ರಲ್ಲಿ ಕಂಡುಬಂತು. ಕೋಟಿಗಟ್ಟಲೆ ಕಿಲೋಮೀಟರ್ ನಡೆಯುವವನಿಗೆ 170 ಮೀಟರ್ ಯಾವ ಲೆಕ್ಕ? ಆದರೆ ವರ್ಷಗಳು ಕೂಡಿದರೆ ಸಾಲದ ಬಡ್ಡಿಯಂತೆ ಅದು ಬೆಳೆಯುತ್ತದೆ. 2021ರ ಮಾರ್ಚಿಯಲ್ಲಿ ಅಪೋಫಿಸ್ 1 ಕೋಟಿ 70 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋದಾಗ ಅಮೆರಿಕದ ರೇಡಾರಿನಿಂದ ಅದರ ದೂರವನ್ನು ಸುಮಾರು 150 ಮೀಟರಿನಷ್ಟು ನಿಖರವಾಗಿ ಅಳೆದರು. ಮುಂದಿನ ನೂರು ವರ್ಷವಾದರೂ ಇದು ಭೂಮಿಗೆ ಬಡಿಯುವುದಿಲ್ಲವೆಂದು ಆಗ ನಿಶ್ಚಯವಾಗಿ, ಅಪಾಯದ ಪಟ್ಟಿಯಿಂದ ಅದರ ಹೆಸರನ್ನು ತೆಗೆದುಹಾಕಿದರು.

ಈ ನಡೆಗಾರನ ಮೈಕಟ್ಟನ್ನೂ ಹೇಳಬೇಕು. ಸರಾಸರಿ ಅಗಲ ಸುಮಾರು 340 ಮೀಟರ್. ಉದ್ದಕ್ಕೆ ಅಳೆದರೆ 450 ಮೀಟರಿಗೆ ಕಡಮೆಯಿಲ್ಲ. ನಮ್ಮ ವಿಧಾನಸೌಧವನ್ನು ಎರಡು ಸಲ ಸಾಲಾಗಿ ಇಟ್ಟರೆ ಹೆಚ್ಚು ಕಡಮೆ ಅಷ್ಟು. ರೇಡಾರಿನ ಕಣ್ಣಿಗೆ ನೆಲಗಡಲೆಯ ಕಾಯಿಯಂತೆ ನಡು ಸೊರಗಿದ ಆಕಾರ ತೋರಿದೆ. ನೆಟ್ಟಗೆ ಬುಗುರಿಯಂತೆ ತಿರುಗುವ ಶಿಸ್ತೂ ಅದಕ್ಕಿಲ್ಲ. ಕೈಜಾರಿದ ಬಿಂದಿಗೆಯಂತೆ ಎರಡು ಬಗೆಯಾಗಿ ಹೊರಳುತ್ತಾ, ಸುಮಾರು ಮೂವತ್ತು ಗಂಟೆಗೊಮ್ಮೆ ಉರುಳುತ್ತಾ ಸಾಗುತ್ತದೆ. ಅದರ ಮೈ ಸಿಲಿಕೇಟ್ ಕಲ್ಲಿನದು. ಇಂಥ ಕಲ್ಲುಗಳ ಹತ್ತಿರದ ನಂಟರು ಕನ್ನಡನಾಡಿಗೆ ಬಂದುಹೋಗಿದ್ದಾರೆ: 1865ರಲ್ಲಿ ಮೈಸೂರು ಸೀಮೆಯ ಮದ್ದೂರಿನ ಬಳಿ, 1866ರಲ್ಲಿ ಉಡುಪಿಯಲ್ಲಿ ಆಕಾಶದಿಂದ ಬಿದ್ದ ಉಲ್ಕಾಶಿಲೆಗಳು ಇದೇ ದೊಡ್ಡ ಕುಲಕ್ಕೆ ಸೇರಿದವು. ಅವು ಕೈಯಲ್ಲಿ ಎತ್ತಬಹುದಾದಷ್ಟು ದೊಡ್ಡವು. ಇಪ್ಪತ್ತು ಮೀಟರಿನಷ್ಟು ದೊಡ್ಡದು ಬಂದರೆ ಆಗುವುದನ್ನು ರಷ್ಯದ ಚೆಲ್ಯಾಬಿನ್ಸ್ಕ್ ನಗರ 2013ರ ಫೆಬ್ರವರಿ 15ರಂದು ಕಂಡಿತು. ಗಾಳಿಯಲ್ಲೇ ಸಿಡಿದ ಅದರ ಹೊಡೆತಕ್ಕೆ ಕಿಟಕಿಯ ಗಾಜು ಒಡೆದು ಸುಮಾರು 1500 ಜನ ಗಾಯಗೊಂಡರು. 340 ಮೀಟರಿನದು ನೆಲ ಮುಟ್ಟಿದರೆ ಒಂದು ಸೀಮೆಯೇ ಹಾಳಾದೀತು. ಭಯ ನಿರಾಧಾರವೆಂದು ನಾನು ಹೇಳಲಾರೆ. ಈ ಒಂದು ಕಾಯದ ಬಗ್ಗೆ ಅದು ಬೇಡ ಎಂದಷ್ಟೇ ಹೇಳುತ್ತೇನೆ.

ಇದನ್ನು ಒತ್ತಿ ಹೇಳಲು ಕಾರಣವುಂಟು. 1962ರ ಫೆಬ್ರವರಿಯ ಅಷ್ಟಗ್ರಹಕೂಟದ ಕಾಲದಲ್ಲಿ ದೇಶದ ತುಂಬ ನಡೆದ ಹೋಮ ಹವನಗಳ ಕಥೆಯನ್ನು ನಮ್ಮ ತಾಯಿ ಹೇಳುತ್ತಿದ್ದರು. 1979ರ ಜುಲೈಯಲ್ಲಿ ಸ್ಕೈಲ್ಯಾಬ್ ಬೀಳುತ್ತದೆಂದು ಹಬ್ಬಿದ ಸುದ್ದಿ ನಾನು ಕಣ್ಣಾರೆ ಕಂಡದ್ದು. ಆಗ ನಾನು ಬಿ.ಎ. ಓದುತ್ತಿದ್ದೆ. ಇನ್ನೇನು ಉಳಿಯುವುದಿಲ್ಲವೆಂದು ನಮ್ಮ ಹಳ್ಳಿಯಲ್ಲಿ ಸಾಕಿದ ಕೋಳಿ ಕುರಿಗಳನ್ನು ಕೊಯ್ದು ತಿಂದರು. ಬಿತ್ತನೆಗೆ ಇಟ್ಟ ರಾಗಿಯನ್ನು ಮಾರಿ ಹೆಂಡ ಕುಡಿದವರೂ ಇದ್ದರು. ಸ್ಕೈಲ್ಯಾಬಿನ ಚೂರುಗಳು ಹಿಂದೂ ಮಹಾಸಾಗರದಲ್ಲಿಯೂ ಪಶ್ಚಿಮ ಆಸ್ಟ್ರೇಲಿಯದಲ್ಲಿಯೂ ಬಿದ್ದವು. ನಮ್ಮೂರಿನಲ್ಲಿ ಬಿದ್ದದ್ದು ಸಾಲ. ಮರುವಾರ ಬಿತ್ತುವುದಕ್ಕೆ ಬೀಜವಿಲ್ಲದೆ ಶ್ಯಾನುಭೋಗರ ಮನೆಯ ಮುಂದೆ ನಿಂತವರ ಮುಖಗಳು ನನಗೆ ಇನ್ನೂ ನೆನಪಿವೆ. ಅವರನ್ನು ಮೂಢರೆಂದು ನಗುವುದು ಸುಲಭ. ಅವರಿಗೆ ಅರ್ಥವಾಗುವ ಮಾತಿನಲ್ಲಿ ಯಾರು ಹೇಳಿದ್ದರು? 2029 ಹತ್ತಿರವಾದಂತೆ ದೂರದರ್ಶನದ ಪರದೆಗಳಲ್ಲಿ ಹಣೆಗೆ ಕುಂಕುಮವಿಟ್ಟ ಪಂಡಿತರು ಅಪೋಫಿಸ್ಸನ್ನು ಯಾವ ರಾಶಿಗೆ ಹೊಂದಿಸುವರೋ ಕಾದು ನೋಡಬೇಕು. ಪೀಣ್ಯದ ಕಾರ್ಮಿಕರು ಬಹುಮಟ್ಟಿಗೆ ಹಳ್ಳಿಗಳಿಂದ ಬಂದವರು, ತಿಂಗಳ ಸಂಬಳದಲ್ಲಿ ಚೀಟಿ ಕಟ್ಟುವವರು. ಅವರ ಉಳಿತಾಯ ಇನ್ನೊಂದು ಸ್ಕೈಲ್ಯಾಬಿಗೆ ಬಲಿಯಾಗಬಾರದು.

ಈಗ ಅದರ ಹಾದಿ. ಭೂಮಿ ಸೂರ್ಯನಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿ 365 ದಿನಕ್ಕೊಮ್ಮೆ ಸುತ್ತುತ್ತದಷ್ಟೆ. ಅಪೋಫಿಸ್ ಸದ್ಯಕ್ಕೆ 324 ದಿನಕ್ಕೊಮ್ಮೆ ಸುತ್ತುತ್ತದೆ. ಸೂರ್ಯನಿಗೆ ಹತ್ತಿರವಾದಾಗ ಸುಮಾರು 11 ಕೋಟಿ 16 ಲಕ್ಷ ಕಿಲೋಮೀಟರಿನವರೆಗೆ, ಎಂದರೆ ಶುಕ್ರನ ಕಕ್ಷೆಯ ಹೊರ ಅಂಚಿನವರೆಗೆ, ಹೋಗಿ, ದೂರವಾದಾಗ 16 ಕೋಟಿ 44 ಲಕ್ಷದವರೆಗೆ ಬರುತ್ತದೆ. ಆದ್ದರಿಂದ ಪ್ರತಿ ಸುತ್ತಿನಲ್ಲಿಯೂ ಭೂಮಿಯ ಹಾದಿಯ ದೂರವನ್ನು ದಾಟುತ್ತದೆ. ದಾಟುವಾಗ ಭೂಮಿ ಸಾಮಾನ್ಯವಾಗಿ ಬೇರೆಲ್ಲೋ ಇರುತ್ತದೆ. ಅದರ ಕಕ್ಷೆ ಭೂಮಿಯ ಕಕ್ಷೆಗೆ ಮೂರು ಡಿಗ್ರಿಗಿಂತ ಸ್ವಲ್ಪ ಹೆಚ್ಚಾಗಿ ಓರೆಯಾಗಿದೆ. ಹೀಗೆ ಭೂಮಿಗಿಂತ ಕಡಮೆ ಕಾಲದಲ್ಲಿ ಸುತ್ತು ಮುಗಿಸುವ ದಾಟುಗಾರರನ್ನು ಏಟನ್ ಪಂಗಡವೆನ್ನುತ್ತಾರೆ.

2029ರ ಏಪ್ರಿಲ್ 13, ಶುಕ್ರವಾರ, ದಾಟುವ ಜಾಗಕ್ಕೆ ಇಬ್ಬರೂ ಹೆಚ್ಚು ಕಡಮೆ ಒಟ್ಟಿಗೆ ಬರುತ್ತಾರೆ. ನೆಲದಿಂದ ಸುಮಾರು 32,000 ಕಿಲೋಮೀಟರ್ ಎತ್ತರದಲ್ಲಿ ಅಪೋಫಿಸ್ ಹಾಯುತ್ತದೆ. ಚಂದ್ರನ ದೂರದ ಹತ್ತನೆಯ ಒಂದು ಪಾಲಿಗೂ ಕಡಮೆ. ಹಾಸನದ ನಿಯಂತ್ರಣ ಕೇಂದ್ರದವರು ಕಾಯುವ ನಮ್ಮ ಸಂಪರ್ಕ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಈ ಅತಿಥಿ ಅವಕ್ಕಿಂತ ಒಳಗೆ ಬಂದುಹೋಗುತ್ತಾನೆ. ಆ ಉಪಗ್ರಹಗಳಿಗೂ ತೊಂದರೆಯಾಗುವ ಸಂಭವವಿಲ್ಲ. ಇಷ್ಟು ದೊಡ್ಡ ಕಾಯ ಇಷ್ಟು ಸಮೀಪ ಬರುವುದು ಕೆಲವು ಸಾವಿರ ವರ್ಷಗಳಿಗೊಮ್ಮೆ. ವಿಶ್ವಸಂಸ್ಥೆ 2029ನ್ನು ಕಿರುಗ್ರಹಗಳ ಅರಿವಿನ ಮತ್ತು ಭೂರಕ್ಷಣೆಯ ಅಂತರರಾಷ್ಟ್ರೀಯ ವರ್ಷವೆಂದು ಸಾರಿರುವುದು ಇದಕ್ಕಾಗಿಯೇ.

ಗ್ರಹ ಎಂಬ ಶಬ್ದದ ಧಾತ್ವರ್ಥ ಹಿಡಿಯುವುದು ಎಂದು. ಗ್ರಹಣ, ಸಂಗ್ರಹ, ಪಾಣಿಗ್ರಹಣ ಎಲ್ಲದರಲ್ಲಿಯೂ ಅದೇ ಹಿಡಿತ. ನಮ್ಮನ್ನು ಹಿಡಿದು ಕಾಡುವುದರಿಂದ ಗ್ರಹ ಎಂದು ಹಿಂದಿನವರು ವಿವರಿಸಿದ್ದುಂಟು. ಆ ರಾತ್ರಿ ನಡೆಯುವುದು ಇದಕ್ಕೆ ತೀರ ತಲೆಕೆಳಗು. ಹಿಡಿಯುವವಳು ಭೂಮಿ, ಸಿಕ್ಕಿಬೀಳುವವನು ಅಪೋಫಿಸ್. ಕೆಲವೇ ಗಂಟೆಗಳ ಭೂಮಿಯ ಸೆಳೆತಕ್ಕೆ ಅವನ ಕಕ್ಷೆ ಬಾಗಿ ಹಿಗ್ಗುತ್ತದೆ. 324 ದಿನದ ಸುತ್ತು 420 ದಿನಕ್ಕೂ ಮೀರುತ್ತದೆ. ಏಟನ್ ಪಂಗಡದಿಂದ ಅವನು ಅಪೋಲೋ ಪಂಗಡಕ್ಕೆ ಜಾತಿಯಿಂದ ಹೊರಬಿದ್ದವನಂತೆ ಸೇರಿಹೋಗುತ್ತಾನೆ. ಹೊರಳುವ ರೀತಿ ಬದಲಾಗಬಹುದು, ಮೈಮೇಲಿನ ಮಣ್ಣುಕಲ್ಲು ಅಲ್ಲಲ್ಲಿ ಜರಿಯಬಹುದು. ಯಾರಿಂದ ಯಾರಿಗೆ ಗ್ರಹಚಾರ ಎಂದು ಕೇಳಿದರೆ ಈ ಸಲ ಉತ್ತರ ಸ್ಪಷ್ಟವಾಗಿದೆ.

ಈ ಬದಲಾವಣೆಯನ್ನು ಹತ್ತಿರದಿಂದ ನೋಡಲು ಯೂರೋಪಿನವರು ರಾಮ್ಸೆಸ್ ಎಂಬ ನೌಕೆಯನ್ನು ಮುಂಚಿತವಾಗಿಯೇ ಕಳಿಸುವ ಸಿದ್ಧತೆಯಲ್ಲಿದ್ದಾರೆ. ಬೆನ್ನು ಎಂಬ ಇನ್ನೊಂದು ಕಿರುಗ್ರಹದ ಮಣ್ಣನ್ನು 2023ರ ಸೆಪ್ಟೆಂಬರಿನಲ್ಲಿ ಭೂಮಿಗೆ ತಂದು ಒಪ್ಪಿಸಿದ ಅಮೆರಿಕದ ನೌಕೆಯೂ ಅಪೋಫಿಸ್ಸಿನ ಬೆನ್ನು ಹತ್ತಿದೆ. ಬಡಿಯಲು ಬರುವ ಕಲ್ಲನ್ನು ತಳ್ಳಬಹುದೇ ಎಂಬುದಕ್ಕೂ ಒಂದು ಉತ್ತರ ದೊರೆತಿದೆ: 2022ರ ಸೆಪ್ಟೆಂಬರ್ 26ರಂದು ಡಾರ್ಟ್ ಎಂಬ ನೌಕೆ ಡೈಮಾರ್ಫಸ್ ಎಂಬ 160 ಮೀಟರಿನ ಕಾಯಕ್ಕೆ ಬೇಕೆಂದೇ ಡಿಕ್ಕಿ ಹೊಡೆದು, 11 ಗಂಟೆ 55 ನಿಮಿಷವಿದ್ದ ಅದರ ಸುತ್ತನ್ನು 11 ಗಂಟೆ 23 ನಿಮಿಷಕ್ಕೆ ಇಳಿಸಿತು. ಮೊದಲೇ ತಿಳಿದಿದ್ದರೆ ತಳ್ಳಬಹುದು. ಮೊದಲೇ ತಿಳಿಯಲು ನೋಡುತ್ತಿರಬೇಕು. ನಮ್ಮಲ್ಲಿ ವೈಟ್‌ಫೀಲ್ಡಿನ ಆಚೆ ಹೊಸಕೋಟೆಯಲ್ಲಿ ಕುಳಿತವರು ಲಡಾಖಿನ ಹಾನ್ಲೆಯ ಎರಡು ಮೀಟರ್ ದುರ್ಬೀನನ್ನು ಉಪಗ್ರಹದ ಮೂಲಕ ನಡೆಸುತ್ತಾರೆಂಬುದು ಆ ರಸ್ತೆಯಲ್ಲಿ ದಿನವೂ ಓಡಾಡುವ ಎಷ್ಟು ಜನರಿಗೆ ಗೊತ್ತು?

ಕೊನೆಯದಾಗಿ, ನಮಗೆ ಅದು ಕಾಣುವುದೇ ಎಂಬ ಪ್ರಶ್ನೆ. ಆಸ್ಟ್ರೇಲಿಯದ ಮೇಲಿನಿಂದ ಹಿಂದೂ ಮಹಾಸಾಗರವನ್ನು ಹಾಯ್ದು, ಆಫ್ರಿಕದ ಮೇಲೆ ಸಾಗಿ, ಅಟ್ಲಾಂಟಿಕ್ ಸಾಗರದ ಮೇಲಿರುವಾಗ ಅಪೋಫಿಸ್ ಭೂಮಿಗೆ ಅತ್ಯಂತ ಸಮೀಪವಾಗುತ್ತದೆ. ನಮ್ಮ ಗಡಿಯಾರದಲ್ಲಿ ಆಗ ಏಪ್ರಿಲ್ 14ರ ನಸುಕಿನ 3 ಗಂಟೆ 16 ನಿಮಿಷದ ಸುಮಾರು. ತುಳುನಾಡಿನವರು ಬಿಸುಕಣಿ ನೋಡಲು ಏಳುವ ಕಾಲವೂ ವರ್ಷದ ಈ ದಿನಗಳೇ. ಆದರೆ ಆ ಗಳಿಗೆಯಲ್ಲಿ ಅದು ನಮ್ಮ ದಿಗಂತದ ಕೆಳಗಿರುತ್ತದೆ. ಚೆನ್ನಾಗಿ ಕಾಣುವ ಭಾಗ್ಯ ಯೂರೋಪು, ಆಫ್ರಿಕ, ಪಶ್ಚಿಮ ಏಷ್ಯದವರದು. ನಾವು ನೋಡುವುದಾದರೆ ಅದಕ್ಕೂ ಮೊದಲೇ, 13ರ ರಾತ್ರಿ, ಅದಿನ್ನೂ ಮಂಕಾಗಿರುವಾಗ ಹುಡುಕಬೇಕು. ಚುಕ್ಕೆಗಳ ನಡುವೆ ನಿಧಾನವಾಗಿ ಪಡುವಣದ ಕಡೆಗೆ ಸರಿಯುವ ಒಂದು ಚುಕ್ಕೆ. ಪೀಣ್ಯದ ದೀಪಗಳ ಕೆಳಗೆ ನಿಂತರೆ ಅದು ಸಿಗಲಾರದು. ಬ್ಯಾಲಾಳಿನ ದೊಡ್ಡ ಆಂಟೆನಾ ಇರುವ ಮಾಗಡಿಯ ಕಡೆಗೋ, ದೇವರಾಯನದುರ್ಗದ ಕಡೆಗೋ, ಬೀದಿದೀಪ ಇಲ್ಲದ ಒಂದು ಬಯಲಿಗೆ ಹೋಗಬೇಕಾದೀತು; ಒಂದು ಜೊತೆ ಬೈನಾಕ್ಯುಲರ್ ಕೈಯಲ್ಲಿದ್ದರೆ ಒಳ್ಳೆಯದು.

(ಆಕಾಶವಾಣಿಯ ಸೌಜನ್ಯದಿಂದ)